ಕಾರಿಗೆ ಬಿಟ್ಟ ಶೇಂಗಾ ಎಣ್ಣೆ

ಮಿರಜ,
ರವಿವಾರ, ೧೯ ಅಕ್ಟೋಬರ್ ೧೯೯೭

ಪ್ರೀತಿಯ ಪಪ್ಪಾ,

ಜಯ ಜಿನೇಂದ್ರ. ತಂದೆಗೆ ‘ತೀರ್ಥರೂಪ’ ಅಂತಲೇ ಬರೀಬೇಕು ಅಂತ ಸುನಂದಾ ಕಾಕು ಹೇಳಿದರು. ಹಾಗೆ ಬರೆದರೆ ನೀವು ಗ್ವಾಡಿಗೆ ಹಾಕಿದ ಫೋಟೋದಾಗ ಕುಂತವರ ಹಂಗ ಕಾಣ್ತೀರಿ, ಅದಕ್ಕೆ ಬಿಟ್ಟೆ. ನಿಮ್ಮ ಕೆಮ್ಮು ಹೇಗಿದೆ? ಹೋದ ಸಲ ಫೋನಿನಲ್ಲಿ ‘ಆರಾಮ ಅದೇನಿ’ ಅಂದ್ರಿ, ಅನ್ನುವುದರೊಳಗೆ ಮತ್ತೆ ಕೆಮ್ಮಿದ್ರಿ. ವಾಪಿಯ ಫ್ಯಾಕ್ಟರಿ ಹೊಗೆ ಒಳ್ಳೆಯದಲ್ಲ, ರಾತ್ರಿ ಕಿಡಕಿ ಮುಚ್ಚಿಕೊಂಡು ಮಲಗಿರಿ. ಮಮ್ಮಿಯ ಮೊಣಕಾಲು ಹೇಗಿದೆ? ನಾನು ಆರಾಮಿದ್ದೇನೆ, ಊಟ ಮಾಡುತ್ತೇನೆ, ಸ್ವೆಟರ್ ಕಳೆದಿಲ್ಲ ಅಂತ ಮಮ್ಮಿಗೆ ಹೇಳಿರಿ. ಉಳಿದದ್ದು ಹೇಳಬೇಡಿ. ಮಮ್ಮಿಗೆ ಕನ್ನಡ ಓದಲು ಬರುವುದಿಲ್ಲ ಅನ್ನುವ ಒಂದೇ ಧೈರ್ಯದಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಸುಟ್ಟಿಯಲ್ಲಿ ಮಿರಜಿಗೆ ಬಂದಾಗ ನಮ್ಮ ಗಿರಣಿಯ ಎಣ್ಣೆ ಡಬ್ಬಿಗಳ ಮೇಲೆ ಕೂತ ಧೂಳಿನಲ್ಲಿ ನೀವು ಬೆರಳಿನಿಂದ ತಿದ್ದಿಸಿದ ಅಕ್ಷರ ಇವು. ಒತ್ತಕ್ಷರ ತಪ್ಪಿದ್ದರೆ ನಗಬೇಡಿ. ಎಸ್‌ಟಿಡಿ ಬೂತಿನಲ್ಲಿ ಬಿಲ್ಲಿನ ಆ ಕೆಂಪು ಅಂಕಿ ಓಡುವುದನ್ನು ನೋಡುತ್ತ ನನಗೆ ಮಾತೇ ಹೊರಡುವುದಿಲ್ಲ, ಹೊರಗೆ ಕಾಯುವವರು ಬಾಗಿಲು ಬಡಿಯುತ್ತಾರೆ. ಅದಕ್ಕೇ ಎಲ್ಲ ಕೂಡಿಟ್ಟುಕೊಂಡು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾಲೇಜು ನಡೆದಿದೆ. ಇಂಜಿನಿಯರಿಂಗ್ ಡ್ರಾಯಿಂಗ್ ಸರ್ ನನ್ನ ಶೀಟ್ ಮತ್ತೆ ವಾಪಸ್ ಕೊಟ್ಟರು, ‘ಇದು ನಕ್ಷೆಯೋ ರಂಗೋಲಿಯೋ’ ಅಂತ ಎಲ್ಲರೆದುರು ಕೇಳಿದರು. ಮೆಕ್ಯಾನಿಕಲ್ ಕ್ಲಾಸಿನಲ್ಲಿ ಹುಡುಗಿಯರೇ ಕಡಿಮೆ, ಎಲ್ಲರೂ ಹಿಂತಿರುಗಿ ನೋಡುತ್ತಾರೆ. ಹಾಸ್ಟೆಲ್ ನನಗೆ ಹೊಸದಲ್ಲ, ಮೂರನೇ ಇಯತ್ತೆಯಿಂದ ಅಲ್ಲೇ ಬೆಳೆದವಳು. ಆದರೆ ಪಾಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಎಲ್ಲರ ಮನೆಯೂ ದೂರ ಇತ್ತು, ಒಬ್ಬಳು ಅತ್ತರೆ ಇಡೀ ಸಾಲು ಅಳುತ್ತಿತ್ತು. ಇಲ್ಲಿ ಸಾಂಗಲಿಯಲ್ಲಿ ಎಲ್ಲರ ಮನೆಯೂ ಬಸ್ಸಿನ ದಾರಿಯಲ್ಲೇ ಇದೆ. ಶನಿವಾರ ಮಧ್ಯಾಹ್ನವಾದರೆ ಸಾಕು, ಮೈಲಿಗೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಬಿಡುತ್ತಾರೆ. ನನ್ನ ರೂಮಿನ ದೀಪಾಲಿ ಹೋಗುವಾಗ ಪ್ರತಿ ಸಲ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಕೇಳುತ್ತಾಳೆ: ‘ಏ ಸ್ಟ್ರಾಬೆರಿ, ನಿನ್ನ ಮನ್ಯಾಗ ಯಾರ ಅದಾರ?’ ಆ ಹಣ್ಣು ಬೆಳೆಯುವ ಪಾಚಗಣಿಯವಳು ಅಂತ ನನಗೆ ಸ್ಟ್ರಾಬೆರಿ ಅಂತ ಹೆಸರಿಟ್ಟಿದ್ದಾರೆ. ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ ಅವಳು. ಆದರೆ ಏನು ಹೇಳುವುದು? ಮಿರಜಿನಲ್ಲಿ ಅಜ್ಜ, ಕಾಕಾ, ಕಾಕು ಇದ್ದಾರೆ, ವಾಪಿಯಲ್ಲಿ ನೀವಿಬ್ಬರು ಇದ್ದೀರಿ, ನಡುವೆ ಒಂದು ರೈಲಿದೆ, ಆ ರೈಲನ್ನು ಯಾರೂ ಹತ್ತುವುದಿಲ್ಲ ಅಂತ ಹೇಳಲೇ? ‘ಎಲ್ಲಾರೂ ಅದಾರ’ ಅನ್ನುತ್ತೇನೆ. ಅವಳು ಹೋದ ಮೇಲೆ ಮೆಸ್ಸಿನ ಉದ್ದ ಟೇಬಲ್ಲಿನಲ್ಲಿ ನಾನೊಬ್ಬಳೇ ಕೂತು ಉಣ್ಣುತ್ತೇನೆ. ಬಡಿಸುವ ಇಂದುಬಾಯಿ ಎದುರಿಗೆ ನಿಂತಿರುತ್ತಾರೆ, ನಾನು ಎದ್ದರೆ ಅವರ ಕೆಲಸ ಮುಗಿಯುತ್ತದೆ. ಅದಕ್ಕೇ ಬೇಗ ಬೇಗ ನುಂಗುತ್ತೇನೆ.

ರವಿವಾರ ಮಿರಜಿಗೆ ಬರುತ್ತೇನೆ. ಸಾಂಗಲಿ ಮಿರಜ ರಸ್ತೆ ಈಗ ನಿಮಗೆ ಗುರುತು ಸಿಗಲಿಕ್ಕಿಲ್ಲ, ವಿಶ್ರಾಮಬಾಗದಿಂದ ಆಚೆ ಎಲ್ಲ ಮೋಟರ್‌ಸೈಕಲ್ ಶೋರೂಮು, ಅಪಾರ್ಟ್‌ಮೆಂಟು. ನಮ್ಮ ಗಿರಣಿ ಮುಚ್ಚಿದ್ದು ನಿಮಗೆ ಗೊತ್ತೇ ಇದೆ. ಪಾಕೀಟಿನ ರಿಫೈಂಡ್ ಎಣ್ಣೆ ಬಂದ ಮೇಲೆ ಡಬ್ಬಿ ಹಿಡಿದುಕೊಂಡು ಶೇಂಗಾ ಎಣ್ಣೆಗೆ ಬರುವವರೇ ಇಲ್ಲ. ಆದರೂ ಅಜ್ಜ ದಿನಾ ಬೆಳಿಗ್ಗೆ ಬಸದಿಯಿಂದ ಬರುವಾಗ ಗಿರಣಿಯ ಕೀಲಿ ಒಮ್ಮೆ ಜಗ್ಗಿ ನೋಡಿ ಬರುತ್ತಾರೆ. ಮನೆಯಲ್ಲಿ ನಿಮ್ಮ ಹೆಸರು ಯಾರೂ ಹೇಳುವುದಿಲ್ಲ. ನಾನು ಅಂಗಳಕ್ಕೆ ಕಾಲಿಟ್ಟರೆ ಅಜ್ಜ ಒಳಗೆ ಕೂಗುತ್ತಾರೆ, ‘ಅವನ ಮಗಳು ಬಂದಾಳ, ಚಹಾ ಇಡ್ರಿ.’ ನಾಲ್ಕು ವರ್ಷದಿಂದ ನೀವು ಬರೀ ‘ಅವ’. ಆ ಮನೆಯಲ್ಲಿ ನಿಮ್ಮದು ಅಂತ ಉಳಿದದ್ದು ಆ ಲ್ಯಾಂಡ್‌ಮಾಸ್ಟರ್ ಕಾರೊಂದೇ. ಅದರ ಬಾಗಿಲು ತೆಗೆದರೆ ಇನ್ನೂ ನಿಮ್ಮ ವಾಸನೆ ಇದೆ, ಸೀಟಿನ ಸಂದಿಯಲ್ಲಿ ನಿಮ್ಮ ಬಡೇಸೋಪಿನ ಕಾಳು ಸಿಕ್ಕವು. ಆ ಕಾರನ್ನೂ ನಿಮ್ಮ ತಮ್ಮ ಬಾಹುಬಲಿ ಕಾಕಾ ಮೋಡಕಾದವನಿಗೆ ಹಳೇ ಕಬ್ಬಿಣದ ತೂಕಕ್ಕೆ ಹಾಕುತ್ತೇನೆ ಅಂತಾರೆ. ಶೆಡ್ ಕೆಡವಿ, ರಸ್ತೆ ಕಡೆ ಷಟರ್ ಮಾಡಿ, ಕಂಪ್ಯೂಟರ್ ಕ್ಲಾಸಿನವರಿಗೆ ಭಾಡಿಗೆ ಕೊಡುವುದಂತೆ. ‘ಅದರಾಗ ಈಗ ಬೆಕ್ಕು ಸುದ್ದಾ ಮರಿ ಹಾಕಾಕ ಒಲ್ಲೆ ಅಂತೈತಿ’ ಅಂತ ನಕ್ಕರು. ನಾನು ಹಟ ಮಾಡಿದೆ. ದೀಪಾವಳಿಯೊಳಗೆ ಅದು ತಾನೇ ಉಸಿರು ಬಿಟ್ಟುಕೊಂಡು ಶೆಡ್ಡಿನಿಂದ ಹೊರಗೆ ಬಂದರೆ ಇರಲಿ, ಇಲ್ಲದಿದ್ದರೆ ಹೋಗಲಿ ಅಂತ ಮಾತಾಯಿತು. ಕಾರು ನಡೆದರೆ ನಿಮ್ಮ ಮೇಲಿನ ಮಾತೂ ಹೋದೀತು, ನೀವು ಮನೆಗೆ ಬಂದೀರಿ ಅಂತ ನನಗೆ ಆಸೆ. ಇದು ಹುಚ್ಚುತನ ಅಂತ ಗೊತ್ತು. ಆದರೆ ನನಗೆ ಬೇರೆ ಏನೂ ಮಾಡಲು ಬರುತ್ತಿರಲಿಲ್ಲ.

ಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನೀವೆಲ್ಲ ಆ ಕಾರಿನಲ್ಲಿ ಹೊರಟಾಗ ನಾನು ಪಾಚಗಣಿಯಲ್ಲಿದ್ದೆ, ಹಾಗಾಗಿ ಅಲ್ಲಿ ಏನಾಯಿತು ಅನ್ನುವುದು ನನಗೆ ಬೇರೆಯವರ ಬಾಯಿಂದಲೇ ಗೊತ್ತು. ಹಿಂದಿನ ಸೀಟಿನಲ್ಲಿ ಕೂತಿದ್ದ ಕಾಕಾ ಎಷ್ಟೋ ಸಲ ಹೇಳಿದ್ದಾರೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಅಭಿಷೇಕ, ಅಜ್ಜನ ಹೆಸರಿನಲ್ಲಿ ಒಂದು ಕಲಶ, ಮುಂದಿನದಕ್ಕೆ ತಾವು ಇರುವುದಿಲ್ಲ ಅಂತ ಅಜ್ಜನಿಗೆ ಗೊತ್ತಿತ್ತು. ಹೊರಡುವ ಮುಂಚಿನ ದಿನ ನೀವು ಡಿಸ್ಟ್ರಿಬ್ಯೂಟರ್ ಬಿಚ್ಚಿ ಪಾಯಿಂಟ್ ಸಾಫ್ ಮಾಡಿದ್ರಿ. ಹಾವೇರಿ ದಾಟುವವರೆಗೆ ಹೇಗೋ ನಡೆಯಿತು, ಆಮೇಲೆ ಏರಿನಲ್ಲಿ ಜಗ್ಗಲಿಲ್ಲ, ರೇಡಿಯೇಟರ್ ಕುದಿಯಿತು, ಕೊನೆಗೆ ಬಯಲಿನಲ್ಲಿ ನಿಂತೇಬಿಟ್ಟಿತು. ನೀವು ಅಭಿಷೇಕದ ಮರುದಿನ ಮುಟ್ಟಿದ್ರಿ. ಅಜ್ಜನ ಕಲಶ ಬೇರೆ ಯಾರೋ ಎರೆದಿದ್ದರು. ಅಜ್ಜ ಆ ರಸ್ತೆಯಲ್ಲಿ, ಹೋಗುವ ಬರುವ ಲಾರಿಯವರೆದುರು, ‘ಇಷ್ಟು ವರ್ಷ ಚೆಂದ ನಡದ ಗಾಡಿ. ನೀ ಕೈ ಹಚ್ಚಿದಿ, ನಿಂತತು’ ಅಂದರಂತೆ. ನೀವು ಬಾನೆಟ್ ಕೆಳಗೆ ಬಗ್ಗಿದವರು ತಲೆ ಎತ್ತಲಿಲ್ಲವಂತೆ, ಒಂದು ಮಾತೂ ಆಡಲಿಲ್ಲವಂತೆ. ಆಮೇಲೆ ಮನೆ ಬಿಟ್ಟದ್ದು, ವಾಪಿ.

ಪಪ್ಪಾ, ನಮ್ಮ ವರ್ಕ್‌ಶಾಪ್ ಸರ್ ಹಳೆಯ ಮ್ಯಾನ್ಯುಅಲ್ ಒಂದನ್ನು ಕೊಟ್ಟರು. ದಸರೆಯ ಹಿಂದಿನ ರವಿವಾರ ನಾನು ಆ ಡಿಸ್ಟ್ರಿಬ್ಯೂಟರನ್ನು ಹೊರಗೆ ತೆಗೆದೆ. ಬಾಜೂ ಗ್ಯಾರೇಜಿನ ದಾದಾಸಾಬ ಚಾಚಾ ಬೀಡಿ ಹಿಡಿದುಕೊಂಡು ಬಂದು, ‘ಬೇಬಿ, ಅದರಾಗ ಏನೂ ಇಲ್ಲ, ಕಾರ್ಬೊರೇಟರ್ ಹೋಗೇತಿ, ನಾ ಅವತ್ತಽ ಹೇಳಿನಿ’ ಅಂದರು. ಅವರು ನಾಲ್ಕು ವರ್ಷದಿಂದಲೂ ಅದನ್ನೇ ಹೇಳುತ್ತಿದ್ದಾರೆ, ಬಾನೆಟ್ ಮಾತ್ರ ಒಮ್ಮೆಯೂ ಎತ್ತಿಲ್ಲ. ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತಿದ್ದೇನೆ, ಆದರೂ ಕೇಳಿರಿ, ನಾನು ಕಲಿತದ್ದನ್ನು ಇನ್ನು ಯಾರಿಗೆ ಹೇಳಲಿ? ಪಂಕ್ತಿಯಲ್ಲಿ ಬಡಿಸುತ್ತ ಹೋಗುವವರ ಹಾಗೆ ನಾಲ್ಕು ಪ್ಲಗ್ಗಿಗೆ ಸರದಿಯಂತೆ ಕಿಡಿ ಬಡಿಸುವುದು ಅದರ ಕೆಲಸ. ಉಣ್ಣುವವರ ಕೈ ಚುರುಕಾದರೆ ಬಡಿಸುವವರೂ ಮುಂಚೆಯೇ ಬರಬೇಕಲ್ಲ, ಅದಕ್ಕಾಗಿ ಕಿಡಿ ಏಳಿಸುವ ಪಾಯಿಂಟಿನ ತಟ್ಟೆಯ ಕೆಳಗೆ ಎರಡು ಸಣ್ಣ ಉಕ್ಕಿನ ತೂಕಗಳಿವೆ. ಇಂಜಿನ್ ಜೋರಾದಂತೆ ಅವು ಹೊರಕ್ಕೆ ಸರಿದು ಕಿಡಿಯನ್ನು ಮುಂಚೆ ಕೊಡಿಸುತ್ತವೆ, ಎರಡು ಸ್ಪ್ರಿಂಗ್ ಅವನ್ನು ವಾಪಸ್ ಎಳೆಯುತ್ತವೆ. ನಾನು ತಟ್ಟೆ ಎತ್ತಿದರೆ ಆ ತೂಕಗಳು ಅಲ್ಲಾಡಲೇ ಇಲ್ಲ. ಕಂದು ಬಣ್ಣದ, ಅರಗಿನಂತೆ ಗಟ್ಟಿಯಾದ ಅಂಟಿನಲ್ಲಿ ಹುಗಿದುಹೋಗಿದ್ದವು. ರೋಟರ್ ಕೆಳಗಿನ ಫೆಲ್ಟ್ ತುಂಡು ಕಟ್ಟಿಗೆಯಾಗಿತ್ತು. ಪೇಟೆಯೊಳಗೆ ಮೆಲ್ಲಗೆ ಓಡಿಸಿದರೆ ಏನೂ ತಿಳಿಯುವುದಿಲ್ಲ. ತುಂಬಿದ ಗಾಡಿ ಏರು ಹತ್ತಿದಾಗ ಕಿಡಿ ತಡವಾಗುತ್ತದೆ, ಇಂಜಿನ್ ಕಾಯುತ್ತದೆ, ಜಗ್ಗುವುದಿಲ್ಲ. ಮ್ಯಾನ್ಯುಅಲ್‌ನಲ್ಲಿ ಹಾವೇರಿಯ ಆ ರಸ್ತೆಯನ್ನೇ ನೋಡಿ ಬರೆದ ಹಾಗಿತ್ತು.

ಆ ಅಂಟು ಏನು ಅಂತ ನನಗೆ ಕೂಡಲೇ ಹೊಳೆಯಿತು. ಸಣ್ಣವಳಿದ್ದಾಗ ನಾನೇ ನೋಡಿದ್ದೇನೆ, ಅಜ್ಜ ತಿಂಗಳಿಗೊಮ್ಮೆ ಬಾನೆಟ್ ಎತ್ತಿ, ಬಸದಿಯ ಸಮೆ ದೀಪಕ್ಕೆ ಬಿಡುವ ಅದೇ ಪುಟ್ಟ ಹಿತ್ತಾಳೆ ಜಾರಿಯಿಂದ ನಮ್ಮ ಗಿರಣಿಯ ಶೇಂಗಾ ಎಣ್ಣೆಯನ್ನು ಈ ಡಿಸ್ಟ್ರಿಬ್ಯೂಟರಿನೊಳಗೆ ಬಿಡುತ್ತಿದ್ದರು. ಗ್ರೀಸಿನಲ್ಲಿ ದನದ ಚರಬಿ ಇರುತ್ತದೆ ಅಂತ ಯಾರೋ ಹೇಳಿದ ಮೇಲೆ ನಮ್ಮ ಮನೆಯೊಳಗೆ ಗ್ರೀಸ್ ಡಬ್ಬಿ ಬರಲೇ ಇಲ್ಲ. ತಲೆಗೆ, ಪಲ್ಯಕ್ಕೆ, ದೀಪಕ್ಕೆ, ಬಾಗಿಲ ಬಿಜಾಗರಿಗೆ ಆಗುವ ಎಣ್ಣೆ ಕಾರಿಗೆ ಯಾಕೆ ಆಗಬಾರದು? ‘ನಮ್ಮ ಎಣ್ಣಿ ಯಾವ ಜೀವಕ್ಕೂ ಕೆಟ್ಟ ಮಾಡೂದಿಲ್ಲ’ ಅನ್ನುತ್ತಿದ್ದರು. ಪಾಪ, ಕಾದು ಕಾದು ಅದು ವಾರ್ನಿಶ್ ಆಗುತ್ತದೆ ಅಂತ ಅವರಿಗೇನು ಗೊತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಒಂದು ತೂಕ ಎಬ್ಬಿಸಿ ತೆಗೆದು, ಕೈಯಲ್ಲಿ ಹಿಡಿದುಕೊಂಡೇ ಪಡಸಾಲೆಗೆ ಓಡಿದೆ. ಪಪ್ಪಾನ ತಪ್ಪಲ್ಲ ಅಂತ ಕೂಗಬೇಕು ಅಂತಲೇ ಹೋದೆ. ಅಜ್ಜ ಕಿಡಕಿಯ ಬೆಳಕಿಗೆ ಕೂತು ಭೂತಗನ್ನಡಿ ಹಿಡಿದು ಗ್ರಂಥ ಓದುತ್ತಿದ್ದರು. ಎಷ್ಟು ಸಣ್ಣಗೆ ಕಂಡರೆಂದರೆ, ನನ್ನ ಬಾಯಿ ಕಟ್ಟಿಹೋಯಿತು. ನಿಮ್ಮ ತಪ್ಪಲ್ಲ ಅಂದರೆ ಅವರದು ಅಂದ ಹಾಗಲ್ಲವೇ? ಕಾಲ ಸಪ್ಪಳ ಮಾಡದೆ ತಿರುಗಿ ಬಂದೆ. ಚಿಮಣಿ ಎಣ್ಣೆಯಲ್ಲಿ ಆ ತುಂಡುಗಳನ್ನು ಹಾಕಿ ತಿಕ್ಕುತ್ತ ಕೂತೆ. ಬಿಡಲೊಲ್ಲದು.

ಸ್ವಲ್ಪ ಹೊತ್ತಿಗೆ ಹಿಂದೆ ನೆರಳು ಬಿತ್ತು. ಅಜ್ಜ ಬಗ್ಗಿ ಚಿಮಣಿ ಎಣ್ಣೆಯೊಳಗಿನ ಒಂದು ತೂಕ ತೆಗೆದುಕೊಂಡರು. ಧೋತರದ ಅಂಚಿನಿಂದ ಒರೆಸಿ, ಹೆಬ್ಬೆರಳಿನ ಉಗುರಿನಿಂದ ಕೆರೆದು, ಮೂಗಿಗೆ ಹಿಡಿದರು. ಗಿರಣಿಯಲ್ಲಿ ಹಳೇ ಡಬ್ಬಿ ತೊಳೆಯಲು ಬಂದಾಗ ಹೀಗೇ ಮಾಡುತ್ತಿದ್ದರು, ನೆನಪಿದೆಯಾ? ಮತ್ತೊಮ್ಮೆ ಕೆರೆದು ಮೂಸಿದರು. ಆಮೇಲೆ ‘ಚಿಮಣಿ ಎಣ್ಣಿಗೆ ಇದು ಬಿಡೂದಿಲ್ಲವಾ. ಸೋಡಾ ಹಾಕಿ ನೀರಾಗ ಕುದಸು’ ಅಂದು, ಆ ತೂಕವನ್ನು ನನ್ನ ಅಂಗೈಯಲ್ಲಿ ಇಟ್ಟು ಒಳಗೆ ಹೋದರು. ಅಷ್ಟೇ. ಎಣ್ಣೆ ಡಬ್ಬಿಯ ಅಂಟು ತೆಗೆಯುವ ಉಪಾಯ ಅದು. ಅವರಿಗೆ ಎಲ್ಲ ತಿಳಿಯಿತು ಅಂತ ನನಗೂ ತಿಳಿಯಿತು.

ಅವತ್ತು ಸಂಜೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ ಅಜ್ಜ ತಾಟು ಹಿಂದಕ್ಕೆ ಸರಿಸಿ, ‘ಇವತ್ತಿನಿಂದ ನಾ ಎಣ್ಣಿ ಬಿಟ್ಟೇನಿ. ನನ್ನ ಪಲ್ಯಾಕ್ಕ ಒಗ್ಗರಣಿ ಬ್ಯಾಡ’ ಅಂದರು. ನಮ್ಮವರು ವ್ರತ ಅಂತ ಹಾಲು ಬಿಡುತ್ತಾರೆ, ಬೆಲ್ಲ ಬಿಡುತ್ತಾರೆ, ಪರ್ವದ ದಿನ ಉಪ್ಪೂ ಬಿಡುತ್ತಾರೆ, ಆದರೆ ಜನ್ಮವಿಡೀ ಎಣ್ಣೆ ಮಾರಿದವರು ಎಣ್ಣೆಯನ್ನೇ ಬಿಟ್ಟದ್ದು ನಾನು ಕೇಳಿಲ್ಲ. ಕಾಕು ಬೆಪ್ಪಾಗಿ, ‘ಪರ್ವ ಮುಗದ ಎಷ್ಟೋ ದಿನಾ ಆತಲ್ರಿ ಮಾವನವರ, ಈಗ್ಯಾಕ್ರಿ? ಎಲ್ಲೀತನಕ್ರಿ?’ ಅಂದರು. ಅಜ್ಜ ಭಕ್ಕರಿ ಮುರಿಯತೊಡಗಿದರು. ಕಾಕಾ ನಗಿಸಲು ನೋಡಿದರು, ‘ಅಪ್ಪಾ, ಪಾಕೀಟಿನ ಎಣ್ಣಿ ಮ್ಯಾಲಿನ ಸಿಟ್ಟು ಪಲ್ಯಾದ ಮ್ಯಾಲ ಯಾಕ?’ ಅಂತ. ಅಜ್ಜ ನಗಲಿಲ್ಲ. ಅಂದಿನಿಂದ ಉಪ್ಪು ಹಾಕಿ ಬೇಯಿಸಿದ ಕಾಯಿಪಲ್ಯ, ಒಣ ಭಕ್ಕರಿ. ನಾನು ಎದುರಿಗೆ ಕೂತು ಒಗ್ಗರಣೆ ಹಾಕಿದ್ದನ್ನು ಉಂಡೆ. ಯಾಕೆ ಅಂತ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು, ಹೇಳಲು ಬರುವಂತಿಲ್ಲ. ಹಾಸ್ಟೆಲ್ಲಿನಲ್ಲಿ ಒಬ್ಬಳೇ ಇರುವುದಕ್ಕಿಂತ ಇದು ಕಠಿಣ ಪಪ್ಪಾ.

ಸೋಡಾ ನೀರಿನಲ್ಲಿ ಕುದಿಸಿದ ಮೇಲೆ ಅಂಟು ಸಾಬೂನಿನ ಹಾಗೆ ಎದ್ದುಬಂತು. ಡಿಸ್ಟ್ರಿಬ್ಯೂಟರಿನ ದಂಡ ತಿರುಗುವ ಬುಶ್ ಸವೆದಿತ್ತು, ಕುಪವಾಡದ ಲೇಥಿನವರಿಂದ ಹೊಸದು ಮಾಡಿಸಿ, ಹಾಕುವ ಮೊದಲು ಇಂಜಿನ್ ಆಯಿಲ್‌ನಲ್ಲಿ ಒಂದು ದಿನ ನೆನೆಯಿಟ್ಟೆ. ಫೆಲ್ಟಿಗಾಗಿ ಸಿತಾರ ಮಾಡುವವರ ಗಲ್ಲಿಗೆ ಹೋದೆ. ಅಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಮುದುಕರೊಬ್ಬರು ಒಂದು ತುಂಡು ಕೊಟ್ಟು, ‘ಕಾರು ಹಾಡತೈತೇನು?’ ಅಂತ ಕೇಳಿದರು. ಗ್ರೀಸಿನದೇ ದೊಡ್ಡ ಚಿಂತೆಯಾಗಿತ್ತು. ಲೈಬ್ರರಿಯಲ್ಲಿ ಹುಡುಕಿ, ಕೆಮಿಸ್ಟ್ರಿ ಮೇಡಮ್‌ಗೆ ಕೇಳಿ ತಿಳಿದುಕೊಂಡೆ. ಲಿಥಿಯಂ ಗ್ರೀಸ್ ಅಂತ ಬರುತ್ತದೆ, ಔಡಲ ಬೀಜದ ಎಣ್ಣೆಯಿಂದ ಮಾಡಿದ್ದೂ ಸಿಗುತ್ತದೆ. ಅಂಥದ್ದೇ ಬೇಕು ಅಂತ ಅಂಗಡಿಯವನ ತಲೆ ತಿಂದು ತಂದೆ. ಅಜ್ಜ ಕೇಳಿದರು, ‘ಇದರಾಗ ಏನೈತಿ?’ ‘ಔಡಲ, ಅಜ್ಜಾ’ ಅಂದೆ. ಬೆರಳಿಗೆ ಹಚ್ಚಿಕೊಂಡು ಮೂಸಿ, ‘ನಮ್ಮ ಬಂಧು ಅಂದಂಗಾತು’ ಅಂದರು. ಕ್ಯಾಮಿನ ಮೇಲೆ ಅಕ್ಕಿಕಾಳಿನಷ್ಟು ಗ್ರೀಸ್, ಫೆಲ್ಟಿಗೆ ಎರಡು ಹನಿ ಆಯಿಲ್, ಪಾಯಿಂಟಿನ ಕೀಲಿಗೆ ಒಂದು ಹನಿ, ತೂಕದ ಗೂಟಗಳಿಗೆ ಇಷ್ಟಿಷ್ಟು. ಹೆಚ್ಚಾದರೆ ಪಾಯಿಂಟಿಗೆ ಸಿಡಿದು ಸುಡುತ್ತದೆ. ‘ಇಷ್ಟ ಸಾಕೇನು?’ ಅಂತ ಅಜ್ಜ ಎರಡು ಸಲ ಕೇಳಿದರು. ಜೋಡಿಸಿದ ಮೇಲೆ ರೋಟರನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆದು ಅದು ತಾನೇ ತನ್ನ ಜಾಗಕ್ಕೆ ಬರಬೇಕು. ತೋರಿಸಿದೆ. ಅಜ್ಜ ತಾವೂ ತಿರುಗಿಸಿದರು, ಬಿಟ್ಟರು, ಅದು ಟಕ್ಕನೆ ವಾ‍ಪಸ್ ಬಂತು. ಮತ್ತೆ ತಿರುಗಿಸಿದರು, ಮತ್ತೆ ಬಂತು. ಹಾಗೇ ಮಾಡುತ್ತ ಕೂತರು, ನಾನು ಚಹಾ ತಂದಿಟ್ಟದ್ದೂ ಕಾಣಲಿಲ್ಲ.

ಇವತ್ತು ಬೆಳಿಗ್ಗೆ ಅದು ಸ್ಟಾರ್ಟ್ ಆಯಿತು! ದಾದಾಸಾಬ ಚಾಚಾ ತಮ್ಮ ಬ್ಯಾಟರಿ ತಂದರು, ತಮ್ಮ ಮಾತು ಉಳಿಯಲಿ ಅಂತ ಕಾರ್ಬೊರೇಟರನ್ನೂ ತೊಳೆದರು. ಮೊದಲು ನಿಮ್ಮ ಹಾಗೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಒಂದೇ ಸಮ ಓಡತೊಡಗಿತು. ‘ನೋಡು, ಕಾರ್ಬೊರೇಟರಽ ಆಗಿತ್ತು’ ಅಂದರು ಚಾಚಾ. ಕಾಕಾ ಓಡಿಸಿಕೊಂಡು ಬೇಡಗ ರಸ್ತೆಯ ಏರಿನವರೆಗೆ ಹೋಗಿ ಬಂದರು, ಇಳಿಯುವಾಗ ಸಣ್ಣ ಹುಡುಗರ ಹಾಗೆ ನಗುತ್ತಿದ್ದರು, ಮೋಡಕಾದ ಮಾತೇ ಎತ್ತಲಿಲ್ಲ. ‘ಕುಂದ್ರ ಬರ್ರಿ ಅಪ್ಪಾ’ ಅಂದರೆ ಅಜ್ಜ ಹೊಸ್ತಿಲು ಇಳಿಯಲಿಲ್ಲ. ಬಾನೆಟ್ ಕಡೆ ನೋಡುತ್ತ ನಿಂತು, ಒಳಗೆ ಹೋಗಿಬಿಟ್ಟರು. ನಾನು ಅಂದುಕೊಂಡ ಹಾಗೆ ಏನೂ ಆಗಲಿಲ್ಲ. ಕಾರು ನಡೆಯಿತು, ಮನೆ ನಿಂತಲ್ಲೇ ನಿಂತಿದೆ.

ಒಂದು ಮಾತು ಕೇಳಬೇಕು. ಒಳಗೆಲ್ಲ ಅಂಟು ತುಂಬಿದ್ದರೂ ಪಾಯಿಂಟಿನ ಎರಡು ಮುಖ ಮಾತ್ರ ಒರೆಸಿದ ಹಾಗಿತ್ತು, ಅದರ ಸಂದಿಯಲ್ಲಿ ಬಿಳಿ ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಕರವಸ್ತ್ರದ್ದು, ಮನೆಯಲ್ಲಿ ಸಾಫ್ ಮಾಡುವಾಗ ನೀವು ಪಾಲಿಶ್ ಪೇಪರ್ ಹಿಡಿಯುತ್ತಿದ್ರಿ. ಆ ರಸ್ತೆಯಲ್ಲಿ ನೀವು ಮುಚ್ಚಳ ತೆಗೆದಾಗ ಬಿಸಿ ಶೇಂಗಾ ಎಣ್ಣೆಯ ವಾಸನೆ ಬಂದಿರಬೇಕು. ಗಿರಣಿಯಲ್ಲಿ ಹುಟ್ಟಿ ಬೆಳೆದವರು ನೀವು, ನಿಮಗೆ ತಿಳಿಯದೆ ಇರುತ್ತದೆಯೇ? ಒರೆಸಿದ್ರಿ, ಮುಚ್ಚಿದ್ರಿ, ಬೈಸಿಕೊಂಡ್ರಿ. ಕಲಶ ತಪ್ಪಿದ ದಿನ, ‘ಅಪ್ಪಾ, ಇದು ನಿಮ್ಮ ಎಣ್ಣಿಯಿಂದ’ ಅಂತ ಅಜ್ಜನಿಗೆ ಹೇಳಲು ಬಾಯಿ ಬರಲಿಲ್ಲ, ಅಲ್ಲವೇ? ನನಗೂ ಬರಲಿಲ್ಲ. ಅವತ್ತು ಪಡಸಾಲೆಯ ಹೊಸ್ತಿಲಿನಿಂದ ತಿರುಗಿ ಬರುವಾಗ ನಾನು ನಿಮ್ಮ ಮಗಳು ಅಂತ ಮೊದಲ ಸಲ ಅನಿಸಿತು. ಆದರೆ ಈಗ ಹೇಳುವುದು ಏನೂ ಉಳಿದಿಲ್ಲ ಪಪ್ಪಾ, ಅವರೇ ಮೂಸಿ ನೋಡಿದ್ದಾರೆ. ಇನ್ನು ಯಾರನ್ನು ಕಾಯಲು ನೀವು ಅಲ್ಲಿ ಕೂತಿದ್ದೀರಿ? ಶನಿವಾರ ದೀಪಾಲಿಯ ಹಾಗೆ ನಾನೂ ಬಟ್ಟೆ ಗಂಟು ಕಟ್ಟಿಕೊಂಡು ‘ಮನೀಗೆ ಹೊಂಟೆ’ ಅಂತ ಒಂದು ಸಲ ಅನ್ನಬೇಕು.

ಕಾಕಾ, ಕಾಕು ನಿಮ್ಮಿಬ್ಬರನ್ನೂ ಕೇಳಿದ್ದಾರೆ. ಮಮ್ಮಿಗೆ ನನ್ನ ಮುದ್ದು. ನಿಮ್ಮ ಕಾಲಿಗೆ ಬೀಳುತ್ತೇನೆ, ಕೈಗೆ ಇನ್ನೂ ಗ್ರೀಸ್ ಹತ್ತಿದೆ, ದೂರದಿಂದಲೇ.

ನಿಮ್ಮ,
ಮೃಣಾಲ

ತಾ.ಕ.: ಪಾಕೀಟು ಅಂಟಿಸುವಷ್ಟರಲ್ಲಿ ಕಾಕು ಬಂದರು. ದೀಪಾವಳಿ ಹತ್ತಿರ ಬಂತು, ಮಾವನವರು ಎಣ್ಣೆ ಬಿಟ್ಟಿರುವಾಗ ಚಕ್ಕಲಿ, ಕರಚಿಕಾಯಿ ಕರಿಯುವುದು ಹೇಗೆ, ಎಲ್ಲೀತನಕ ಇದು ಅಂತ ನೀನಽ ಕೇಳು, ನಿನಗ ಹೇಳ್ತಾರ ಅಂದರು. ಹೋಗಿ ಕೇಳಿದೆ. ಅಜ್ಜ ಕಿಡಕಿಯಿಂದ ಕಾರು ನೋಡುತ್ತಿದ್ದವರು ತಿರುಗದೆಯೇ ಹೇಳಿದರು: ‘ಭೂಪಾಲ ಬಂದು, ನನ್ನ ಬಾಜೂಕ ಕುಂತು, ಅಪ್ಪನ ಪಲ್ಯಾಕ್ಕ ಒಗ್ಗರಣಿ ಹಾಕ್ರಿ ಅನ್ನೂತನಕ.’ ನಿಮ್ಮ ಹೆಸರು ಹಿಡಿದು ಅಂದರು ಪಪ್ಪಾ. ಕಾಕು ಸೌಟು ಹಿಡಿದು ನನ್ನ ತಲೆ ಮೇಲೆಯೇ ನಿಂತಿದ್ದಾರೆ. ಕಡಾಯಿ ಇಡ್ಲೋ ಬ್ಯಾಡೋ, ನಿಮ್ಮಪ್ಪಗ ಕೇಳಿ ಬರಿ ಅಂತಿದ್ದಾರೆ.